ಡ್ರೈವಿಂಗ್ ಮೇಷ್ಟ್ರ ಇಪ್ಪತ್ತು ನಿಮಿಷ

ಮೇಷ್ಟ್ರ ಹತ್ತಿರ ಕಾರು ಕಲಿತವರು ಮೊದಲ ಪರೀಕ್ಷೆಯಲ್ಲೇ ಪಾಸಾಗುತ್ತಿದ್ದರು. ಆಮೇಲೆ ಅವರನ್ನು ರಸ್ತೆಯಲ್ಲಿ ಕಂಡರೆ ಆಚೆ ಬದಿಗೆ ದಾಟುತ್ತಿದ್ದರು. ಇವೆರಡೂ ಇಪ್ಪತ್ತಾರು ವರ್ಷಗಳಿಂದ ತಪ್ಪದೆ ನಡೆದುಕೊಂಡು ಬಂದಿದ್ದವು.

ಅವರ ಡ್ರೈವಿಂಗ್ ಸ್ಕೂಲೆಂದರೆ ದರ್ಜಿ ಅಂಗಡಿಗೂ ಕನ್ನಡಕದ ಅಂಗಡಿಗೂ ನಡುವೆ ಸಿಕ್ಕಿಕೊಂಡ ಒಂದು ಕೋಣೆ, ಹೊರಗೆ ನಿಂತ ಒಂದು ಬಿಳಿ ಕಾರು. ಕಾರಿನಲ್ಲಿ ಕಲಿಯುವವರ ಕಾಲಿಗೆ ಇರುವಂತೆಯೇ ಪಕ್ಕದ ಸೀಟಿನವರ ಕಾಲಿಗೂ ಒಂದು ಕ್ಲಚ್ಚು, ಒಂದು ಬ್ರೇಕು. ಮೇಷ್ಟ್ರು ಆ ಸೀಟಿನಲ್ಲಿ ಕೂತು ಕಾಲಿನಿಂದ ಜೀವ ಉಳಿಸುತ್ತಿದ್ದರು, ಬಾಯಿಂದ ಜೀವ ತೆಗೆಯುತ್ತಿದ್ದರು. ಕೋಣೆಯ ಮೇಜಿನ ಹಿಂದೆ ಅವರ ನಾದಿನಿ ಇರುತ್ತಿದ್ದಳು. ಹೆಸರು ಬರೆದುಕೊಳ್ಳುವುದು, ಸಮಯ ಗೊತ್ತುಮಾಡುವುದು, ಪಾಠ ಮುಗಿಸಿ ಬಂದವರಿಗೆ ನೀರು ಕೊಡುವುದು ಅವಳ ಕೆಲಸ. "ಅಳೋದಾದ್ರೆ ಒಳಗಡೆ ಕುರ್ಚಿ ಇದೆ" ಎಂದು ಎಲ್ಲರಿಗೂ ಒಂದೇ ದನಿಯಲ್ಲಿ ಹೇಳುತ್ತಿದ್ದಳು.

ಮೇಷ್ಟ್ರು ಕೆಟ್ಟವರಲ್ಲ. ಮೆಲ್ಲಗೆ ಹೇಳಿದ್ದು ಕಿವಿಯಲ್ಲೇ ಉಳಿಯುತ್ತದೆ, ಕೂಗಿ ಹೇಳಿದ್ದು ಕಾಲಿಗೆ ಇಳಿಯುತ್ತದೆ ಎಂದು ನಂಬಿದ್ದರು, ಅಷ್ಟೆ. ಕಾಲಿಗೆ ಇಳಿಯದಿದ್ದರೆ ಕಾರು ನಿಲ್ಲುವುದಿಲ್ಲ ಎಂಬುದು ಅವರ ವಾದ. ಅದಕ್ಕೆ ಯಾರೂ ಎದುರು ಮಾತಾಡಿರಲಿಲ್ಲ, ಮಾತಾಡಲು ಅವರು ಬಿಟ್ಟೂ ಇರಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ತಲೆ ಬೋಳಿಸಿದ, ಕಂದು ಬಣ್ಣದ ನಿಲುವಂಗಿ ತೊಟ್ಟ ಒಬ್ಬ ಭಿಕ್ಷುಣಿ ಬಂದು ಬಾಗಿಲಲ್ಲಿ ನಿಂತರು. ಅರವತ್ತೊಂದು ವರ್ಷ. ಊರಾಚೆ ಗುಡ್ಡದ ಮೇಲಿನ ಬೌದ್ಧ ವಿಹಾರದಿಂದ ಬಂದಿದ್ದರು. ಅಲ್ಲಿ ಒಂಬತ್ತು ಜನ ಭಿಕ್ಷುಣಿಯರು, ಒಂದು ಹಳೇ ವ್ಯಾನು. ವ್ಯಾನಿನ ಡ್ರೈವರ್‌ಗೆ ಕಣ್ಣಿಗೆ ಪೊರೆ ಬಂದಿತ್ತು.

"ಒಂಬತ್ತು ಜನದಲ್ಲಿ ನಿಮ್ಮನ್ನೇ ಯಾಕೆ ಕಳಿಸಿದ್ರು?" ಎಂದು ಮೇಷ್ಟ್ರು ಕೇಳಿದರು.

"ಮಿಕ್ಕವರಿಗೆ ನನಗಿಂತ ದಪ್ಪ ಕನ್ನಡಕ" ಎಂದರು ಭಿಕ್ಷುಣಿ.

ಅವರಿಗೆ ಕಾರು ಒಲಿಯಲಿಲ್ಲ. ಕ್ಲಚ್ಚನ್ನು ಮೆಲ್ಲಗೆ ಬಿಡಿ ಎಂದರೆ ಥಟ್ಟನೆ ಬಿಡುತ್ತಿದ್ದರು. ಕಾರು ಒಮ್ಮೆ ಮುಗ್ಗರಿಸಿ ಆಫ್ ಆಗುತ್ತಿತ್ತು. ಎರಡನೇ ವಾರ ಊರಿನ ದೊಡ್ಡ ಸರ್ಕಲ್ಲಿನಲ್ಲಿ ಒಂಬತ್ತು ಸಲ ಆಫ್ ಆಯಿತು. ಹಿಂದೆ ಬಸ್ಸು, ಅದರ ಹಿಂದೆ ಇನ್ನೊಂದು ಬಸ್ಸು, ಎಲ್ಲರೂ ಹಾರನ್ ಒತ್ತಿ ಹಿಡಿದಿದ್ದರು. ಮೇಷ್ಟ್ರು ಹಾರನ್‌ಗಿಂತ ಮೇಲೆ ಹೋದರು. "ಹಾಫ್ ಕ್ಲಚ್! ಹಾಫ್ ಅಂದ್ರೆ ಅರ್ಧ! ಅರ್ಧ ಗೊತ್ತಿಲ್ವೇನ್ರೀ ನಿಮ್ಗೆ?"

"ಗೊತ್ತು" ಎಂದು ಭಿಕ್ಷುಣಿ ಕೀಲಿ ತಿರುಗಿಸಿದರು. ಕಾರು ಹೊರಟು ಸರ್ಕಲ್ ದಾಟಿತು. ದಾಟಿದ ಮೇಲೆ ಮೇಷ್ಟ್ರಿಗೆ ತಡೆಯಲಾಗಲಿಲ್ಲ.

"ಅಲ್ಲಮ್ಮಾ, ನಿಮಗೆ ಕೋಪ ಬರೋದೇ ಇಲ್ವಾ?"

"ಬಂತಲ್ಲ ಈಗ."

"ನನಗೆ ಕಾಣಿಸ್ಲಿಲ್ಲ."

"ನಿಮ್ಮದು ದೊಡ್ಡದಿತ್ತು ಮೇಷ್ಟ್ರೇ. ಅದರ ಹಿಂದೆ ನನ್ನದು ಮರೆಯಾಗಿರಬೇಕು."

ಆಕೆ ಹೇಳಿದ್ದು ಇಷ್ಟು. ವಿಹಾರಕ್ಕೆ ಸೇರುವ ಮುಂಚೆ ಒಂದು ಆಸ್ಪತ್ರೆಯ ಅಡುಗೆಮನೆಗೆ ಅವರೇ ಮುಖ್ಯಸ್ಥೆ. ರೋಗಿಗಳ ಉಪ್ಪಿಲ್ಲದ ಗಂಜಿಗೆ ಉಪ್ಪು ಹಾಕಿದ ಅಡುಗೆಯವನ ಮೇಲೆ ಒಮ್ಮೆ ಸೌಟು ಎಸೆದಿದ್ದರು. ಸೌಟು ಗುರಿ ತಪ್ಪಲಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಕೂತು ಮನಸ್ಸು ಪಳಗಿಸುವುದನ್ನು ಶುರುಮಾಡಿದರು. ಮೂವತ್ತೊಂದು ವರ್ಷವಾಯಿತು. ಮೇಷ್ಟ್ರು "ಹೂಂ" ಎಂದರು. ಮೂವತ್ತೊಂದು ವರ್ಷ ಕೂತವರಿಗೆ ಹಾಫ್ ಕ್ಲಚ್ ಬರದೇ ಇರುವುದು ಅವರಿಗೆ ಆ ವಿದ್ಯೆಯ ಬಗ್ಗೆ ಅಷ್ಟೇನೂ ಭರವಸೆ ಹುಟ್ಟಿಸಲಿಲ್ಲ.

ಅದೇ ವಾರದ ಗುರುವಾರ ಇನ್ನೊಂದು ಘಟನೆ ನಡೆಯಿತು.

ಒಬ್ಬ ದಂತವೈದ್ಯೆ ಕಲಿಯಲು ಬರುತ್ತಿದ್ದಳು. ಅವಳದು ಸ್ಥಿರವಾದ ಕೈ, ಚುರುಕು ಕಣ್ಣು. ಅಂಥವರನ್ನು ಕಂಡರೆ ಮೇಷ್ಟ್ರಿಗೆ ಇನ್ನಷ್ಟು ಕೂಗುವ ಹುಮ್ಮಸ್ಸು. ಅಂಚೆ ಕಚೇರಿಯ ಮುಂದೆ ಎಡಕ್ಕೆ ತಿರುಗಬೇಕಿತ್ತು. ಅವಳು ಇಂಡಿಕೇಟರ್ ಹಾಕುವುದು ಒಂದು ಗಳಿಗೆ ತಡವಾಯಿತು. ಮೇಷ್ಟ್ರು ಎಡಕ್ಕೆ, ಎಡಕ್ಕೆ ಎಂದು ಗಂಟಲು ಹರಿದುಕೊಂಡರು. ಅವಳು ಸ್ಟೇರಿಂಗಿನಿಂದ ಎರಡೂ ಕೈ ತೆಗೆದು ಕಿವಿ ಮುಚ್ಚಿಕೊಂಡಳು.

ಕಾರು ತನ್ನ ಪಾಡಿಗೆ ಫುಟ್‌ಪಾತ್ ಹತ್ತಿತು. ಮೇಷ್ಟ್ರ ಕಾಲು ಬ್ರೇಕಿನ ಮೇಲೆ ಬಿತ್ತು. ಬೆಂಚಿನ ಮೇಲೆ ಪೇಪರ್ ಓದುತ್ತಿದ್ದ ಮುದುಕನ ಮೊಣಕಾಲಿನಿಂದ ಒಂದು ಗೇಣು ದೂರದಲ್ಲಿ ಕಾರು ನಿಂತಿತು. ಮುದುಕ ಪೇಪರ್ ಕೆಳಗಿಳಿಸಿ ಬಂಪರನ್ನು ನೋಡಿದ, ಕಾಲು ಮೇಲೆತ್ತಿ ಬೆಂಚಿನ ಮೇಲಿಟ್ಟುಕೊಂಡ, ಮತ್ತೆ ಓದತೊಡಗಿದ.

ದಂತವೈದ್ಯೆ ಇಳಿದಳು. ಅಳಲಿಲ್ಲ. "ನನ್ನ ಹತ್ರ ಬರೋರೆಲ್ಲ ಹೆದರಿಕೊಂಡೇ ಬರ್ತಾರೆ. ನಾನು ಒಂದಿನಾನೂ ಕೂಗಿಲ್ಲ. ಕೂಗಿದ್ರೆ ಬಾಯಿ ಮುಚ್ಕೋತಾರೆ, ಕೆಲಸ ಆಗಲ್ಲ" ಎಂದು ಹೇಳಿ ನಡೆದು ಹೋದಳು. ಮೇಷ್ಟ್ರು ಕಾರನ್ನು ಹಿಂದಕ್ಕೆ ತೆಗೆದು ರಸ್ತೆಗಿಳಿಸಿದರು. ಸಂಜೆ ನಾದಿನಿ, "ಡಾಕ್ಟ್ರಮ್ಮ ಅತ್ರಾ ಭಾವ?" ಎಂದು ಕೇಳಿದಾಗ ಅವರು ಕಲಿಯುವವರಿಗೆಂದು ಇಟ್ಟಿದ್ದ ನೀರನ್ನು ತಾವೇ ಎತ್ತಿ ಕುಡಿದರು.

ಮಾರನೇ ದಿನ ಭಿಕ್ಷುಣಿಯ ಪಾಠವಿತ್ತು. ಮೇಷ್ಟ್ರು ಕಾರನ್ನು ಮೈದಾನದ ಅಂಚಿಗೆ ನಿಲ್ಲಿಸಲು ಹೇಳಿ, ನಡೆದದ್ದನ್ನು ಹೇಳಿ, ಮುಂದಿನ ಗಾಜನ್ನೇ ನೋಡುತ್ತ ಕೇಳಿದರು.

"ಆ ನಿಮ್ಮ ಪಳಗಿಸೋದು, ಅದು ಎಷ್ಟು ದಿನದ ಕೋರ್ಸು?"

"ಗೊತ್ತಿಲ್ಲ. ನಂದಿನ್ನೂ ಮುಗಿದಿಲ್ಲ."

"ನಂದು ಮೂವತ್ತೇ ದಿನದ್ದು."

"ಅದಕ್ಕೇ ನಿಮ್ಮ ಹತ್ರ ಬಂದೆ" ಎಂದರು ಭಿಕ್ಷುಣಿ. ಆಮೇಲೆ ವಿಧಾನ ಹೇಳಿದರು. ಬೆಳಿಗ್ಗೆ ಇಪ್ಪತ್ತು ನಿಮಿಷ. "ಉಸಿರು ಒಳಗೆ ಹೋಗೋದು, ಹೊರಗೆ ಬರೋದು ನೋಡ್ತಾ ಇರಿ. ಮನಸ್ಸು ಎಲ್ಲಾದ್ರೂ ಹೋಗಿಬಿಡುತ್ತೆ. ಹೋಗಿದ್ದು ಗೊತ್ತಾದ ತಕ್ಷಣ ವಾಪಸ್ ಕರ್ಕೊಂಡು ಬನ್ನಿ. ಬೈಬೇಡಿ."

"ಯಾರಿಗೆ?"

"ಮನಸ್ಸಿಗೆ."

"ಬೈದೇ ಇದ್ರೆ ಹೇಗೆ ಬರುತ್ತೆ?"

"ಬರುತ್ತೆ. ಸ್ವಲ್ಪ ನಿಧಾನ. ಕೊನೇ ಐದು ನಿಮಿಷ ಯಾರಾದ್ರೂ ಒಬ್ಬರನ್ನ ನೆನೆಸ್ಕೊಂಡು, ಅವರು ಚೆನ್ನಾಗಿರ್ಲಿ ಅಂದ್ಕೊಳಿ. ಮೊದಲು ಪ್ರೀತಿ ಇರೋರು. ಆಮೇಲೆ ಪ್ರೀತಿನೂ ಇಲ್ಲ, ಕೋಪಾನೂ ಇಲ್ಲ ಅನ್ನೋರು. ಕೊನೆಗೆ, ಆಗದೇ ಇರೋರು."

"ಆಗದೇ ಇರೋರು ಚೆನ್ನಾಗಿರ್ಲಿ ಅಂತಾನಾ?"

"ಹೌದು."

ಮೇಷ್ಟ್ರು ಯೋಚಿಸಿದರು. "ಬೇರೆ ಊರಲ್ಲಿ ಚೆನ್ನಾಗಿದ್ರೆ ಆಗಲ್ವಾ?"

"ಸದ್ಯಕ್ಕೆ ಆಗುತ್ತೆ" ಎಂದರು ಭಿಕ್ಷುಣಿ.

ಮನೆಯಲ್ಲಿ ಕೂರಲು ಜಾಗವಿರಲಿಲ್ಲ. ಎರಡು ಕೋಣೆ, ಒಂದರಲ್ಲಿ ಹೆಂಡತಿ ಮಲಗಿರುತ್ತಿದ್ದಳು, ಇನ್ನೊಂದರಲ್ಲಿ ನಾದಿನಿ. ಅಡುಗೆಮನೆಯ ಫ್ರಿಜ್ಜು ಗಂಟಲು ಸರಿಮಾಡಿಕೊಳ್ಳುವವರ ಹಾಗೆ ಸದ್ದು ಮಾಡುತ್ತಿತ್ತು. ಹಾಗಾಗಿ ಮೇಷ್ಟ್ರು ಐದೂ ಮುಕ್ಕಾಲಿಗೆ ಎದ್ದು, ಮನೆ ಮುಂದೆ ನಿಲ್ಲಿಸಿದ ಕಾರಿನಲ್ಲಿ, ತಮ್ಮ ಮಾಮೂಲಿ ಸೀಟಿನಲ್ಲಿ ಕೂತರು. ಸೀಟ್‌ಬೆಲ್ಟ್ ಹಾಕಿಕೊಂಡರು. ಅದು ಬೇಕೋ ಬೇಡವೋ ಎಂದು ಕೇಳಿರಲಿಲ್ಲ.

ಮೊದಲ ದಿನ ನಾಲ್ಕು ಉಸಿರು ನೋಡಿದರು. ಐದನೆಯದರ ಹೊತ್ತಿಗೆ ಹಿಂದಿನ ಟಯರ್ ಸವೆದದ್ದು ನೆನಪಾಯಿತು. ಟಯರಿನಿಂದ ಟಯರ್ ಅಂಗಡಿಯವನು, ಅವನಿಂದ ಅವನು ಹನ್ನೊಂದು ವರ್ಷದ ಕೆಳಗೆ ಆಡಿದ ಒಂದು ಮಾತು, ಆ ಮಾತಿಗೆ ತಾವು ಕೊಡಬೇಕಾಗಿದ್ದು ಕೊಡದೇ ಹೋದ ಉತ್ತರ. ಉತ್ತರ ಬಹಳ ಚೆನ್ನಾಗಿ ಬಂತು. ಗಡಿಯಾರ ನೋಡಿದರೆ ಹದಿನೆಂಟು ನಿಮಿಷ ಕಳೆದಿತ್ತು. ಎರಡನೇ ದಿನ ನಿದ್ದೆ ಬಂತು.

ಆರನೇ ದಿನ ಹೆಂಡತಿಗೆ ಎಚ್ಚರವಾಯಿತು. ಪಕ್ಕದಲ್ಲಿ ಗಂಡನಿಲ್ಲ. ಕಿಟಕಿಯಿಂದ ನೋಡಿದರೆ ಕಾರಿನಲ್ಲಿ ನೆಟ್ಟಗೆ ಕೂತಿದ್ದಾರೆ, ಕಣ್ಣು ಮುಚ್ಚಿದೆ, ಅಲುಗಾಟವಿಲ್ಲ. ಬರಿಗಾಲಲ್ಲಿ ಓಡಿ ಬಂದು ಗಾಜಿಗೆ ಮೂಗು ಒತ್ತಿ ನಿಂತಳು. ಎಷ್ಟು ಹೊತ್ತಾದರೂ ಏನೂ ತಿಳಿಯದೆ ಬಾಗಿಲನ್ನು ಒಮ್ಮೆಲೇ ಎಳೆದಳು. ಮೇಷ್ಟ್ರು ಕಿಟಾರನೆ ಕಿರುಚಿದರು. ಅವಳೂ ಕಿರುಚಿದಳು.

"ಏನೇ ಇದು? ಉಸಿರು ನೋಡ್ತಾ ಇದ್ದೆ!"

"ನಾನೂ ಅದನ್ನೇ ನೋಡ್ತಾ ಇದ್ದೆ. ಕಾಣಿಸ್ಲಿಲ್ಲ!"

ವಿಷಯ ತಿಳಿದ ಮೇಲೆ ಅವಳು ಹೆಚ್ಚೇನೂ ಹೇಳಲಿಲ್ಲ. ಇಪ್ಪತ್ತನಾಲ್ಕು ವರ್ಷ ಸಂಸಾರ ಮಾಡಿದವಳು. "ಕೋಪ ಹೋಗೋಕಾ? ಒಳ್ಳೇದು. ಆದ್ರೆ ಕಿಟಕಿ ಒಂಚೂರು ಇಳಿಸ್ಕೊಂಡು ಕೂತ್ಕೊಳಿ, ಕೋಪ ಹೋಗೋಕೆ ಮುಂಚೆ ನೀವು ಹೋಗ್ಬಿಟ್ಟೀರಿ" ಎಂದಳು.

ಹೀಗೆ ನಡೆಯಿತು. ಮೊದಲ ತಿಂಗಳು ಮೇಷ್ಟ್ರು ಹೆಂಡತಿ ಚೆನ್ನಾಗಿರಲಿ ಎಂದುಕೊಂಡರು. ಕಷ್ಟವಾಗಲಿಲ್ಲ. ಎರಡನೇ ತಿಂಗಳು ಪ್ರೀತಿಯೂ ಕೋಪವೂ ಇಲ್ಲದವರನ್ನು ಹುಡುಕಬೇಕಾಯಿತು. ಒಂದು ವಾರ ಹುಡುಕಿದರು. ಪರಿಚಯವಿದ್ದ ಎಲ್ಲರ ಮೇಲೂ ಅಷ್ಟೋ ಇಷ್ಟೋ ಕೋಪವಿತ್ತು. ಕೊನೆಗೆ ಬ್ರೆಡ್ ಅಂಗಡಿಯ ಹೆಂಗಸು ಸಿಕ್ಕಳು. ಮೂರು ದಿನ ಅವಳು ಚೆನ್ನಾಗಿರಲಿ ಎಂದುಕೊಂಡ ಮೇಲೆ, ಅವಳು ಒಮ್ಮೆ ಹಿಂದಿನ ದಿನದ ಬ್ರೆಡ್ಡು ಕೊಟ್ಟದ್ದು ನೆನಪಾಗಿ ಅವಳನ್ನು ಮೂರನೇ ಪಟ್ಟಿಗೆ ವರ್ಗಾಯಿಸಿದರು.

ಅತ್ತ ಭಿಕ್ಷುಣಿ ಮೊದಲ ಪರೀಕ್ಷೆಯಲ್ಲಿ ಫೇಲಾದರು, ಕಾರು ಆಫ್ ಆಯಿತು. ಎರಡನೆಯದರಲ್ಲಿ ರಿವರ್ಸ್ ತೆಗೆಯುವಾಗ ಕಂಬಕ್ಕೆ ಮುಟ್ಟಿಸಿದರು. ಮೂರನೆಯದರಲ್ಲಿ ಏರಿನಲ್ಲಿ ಹಿಂದಕ್ಕೆ ಜಾರಿದರು. ಮೇಷ್ಟ್ರ ಇಪ್ಪತ್ತಾರು ವರ್ಷದ ದಾಖಲೆ ಮುರಿದುಬಿತ್ತು. ಪ್ರತಿ ಸಲವೂ ಆಕೆ ಮಾರನೇ ದಿನ ಎಂಟಕ್ಕೆ ಸರಿಯಾಗಿ ಬಂದು ಸೀಟು ಸರಿಮಾಡಿಕೊಂಡು ಕನ್ನಡಿ ನೋಡಿ ಕೂರುತ್ತಿದ್ದರು. ಪಾಠಕ್ಕೆ ಮುಂಚೆ ಇಬ್ಬರೂ ಒಬ್ಬರಿಗೊಬ್ಬರು ವರದಿ ಒಪ್ಪಿಸುತ್ತಿದ್ದರು.

"ಏನೂ ಆಗ್ತಾ ಇಲ್ಲಮ್ಮಾ" ಎನ್ನುತ್ತಿದ್ದರು ಮೇಷ್ಟ್ರು.

"ಇವತ್ತು ಕೂತ್ರಾ?"

"ಕೂತೆ."

"ಸಾಕು."

"ನೀವು ಮನೇಲಿ ಕ್ಲಚ್ ಅಭ್ಯಾಸ ಮಾಡಿದ್ರಾ, ನಾನು ಹೇಳಿದ ಹಾಗೆ, ಕುರ್ಚಿ ಮೇಲೆ ಕೂತು?"

"ಮಾಡಿದೆ."

"ಸಾಕು" ಎಂದು ಮೇಷ್ಟ್ರೂ ಹೇಳಬೇಕಾಗುತ್ತಿತ್ತು, ಸಾಕಾಗುತ್ತಿರಲಿಲ್ಲವಾದರೂ.

ನಾಲ್ಕನೇ ತಿಂಗಳಲ್ಲಿ ಒಂದು ದಿನ, ಅಂಗಡಿಯಿಂದ ಮನೆಮನೆಗೆ ಮಂಚ ಸಾಗಿಸುವ ಒಬ್ಬ ದಢೂತಿ ಮನುಷ್ಯನಿಗೆ ಏರಿನ ಪಾಠ ಹೇಳುತ್ತಿದ್ದರು. ಅವನು ಹ್ಯಾಂಡ್‌ಬ್ರೇಕ್ ಬಿಟ್ಟ, ಕಾರು ಹಿಂದಕ್ಕೆ ಉರುಳಿತು. ಮೇಷ್ಟ್ರ ಕಿವಿಯ ಹಿಂದೆ ಬಿಸಿಯಾಯಿತು. ಬಾಯಿ ತೆರೆಯಿತು. ಆಗ ಅವರಿಗೆ, ಓ, ಬರ್ತಾ ಇದೆ ಎಂದು ಗೊತ್ತಾಯಿತು. ಬಸ್‌ಸ್ಟಾಪಿನಲ್ಲಿ ನಿಂತವರಿಗೆ ದೂರದ ತಿರುವಿನಲ್ಲಿ ಬಸ್ಸು ಕಂಡ ಹಾಗೆ. ಒಂದು ಸೆಕೆಂಡು. ಆಮೇಲೆ ಮಾಮೂಲಿನಂತೆ ಕೂಗಿದರು. ಮಂಚದವನಿಗೆ ಏನೂ ವ್ಯತ್ಯಾಸ ತಿಳಿಯಲಿಲ್ಲ. ಸ್ಕೂಲಿಗೆ ಮರಳಿದ ಮೇಲೆ ಹೋಗಿ ಒಳಗಿನ ಕುರ್ಚಿಯಲ್ಲಿ ಕೂತ.

ಮಾರನೇ ದಿನ ಭಿಕ್ಷುಣಿಗೆ ಹೇಳುವಾಗ ಮೇಷ್ಟ್ರು ಮುಖ ಸಿಂಡರಿಸಿಕೊಂಡಿದ್ದರು. "ನಾಲ್ಕು ತಿಂಗಳು ಕೂತಿದ್ದಕ್ಕೆ ಸಿಕ್ಕಿದ್ದು ಒಂದೇ ಒಂದು ಸೆಕೆಂಡು."

ಭಿಕ್ಷುಣಿ ಕಾರನ್ನು ಬದಿಗೆ ನಿಲ್ಲಿಸಿದರು. ಇಂಡಿಕೇಟರ್ ಹಾಕಿ, ಸರಿಯಾಗಿ ನಿಲ್ಲಿಸಿದರು. "ಒಂದು ಸೆಕೆಂಡಲ್ಲಿ ಕಾರು ಎಷ್ಟು ದೂರ ಹೋಗುತ್ತೆ ಮೇಷ್ಟ್ರೇ?"

"ನಲವತ್ತರ ವೇಗದಲ್ಲಿದ್ರೆ ಹನ್ನೊಂದು ಮೀಟರ್" ಎಂದರು ಮೇಷ್ಟ್ರು ತಕ್ಷಣ. ಪ್ರತಿ ತಂಡಕ್ಕೂ ಮೊದಲ ದಿನ ಹೇಳುವ ಲೆಕ್ಕ ಅದು. ಹೇಳಿ, ಮುಂದಿನ ಗಾಜಿನಾಚೆ ಅಷ್ಟು ದೂರವನ್ನು ಕಣ್ಣಲ್ಲೇ ಅಳೆದರು. ಹನ್ನೊಂದು ಮೀಟರೆಂದರೆ ಏನೆಂದು ಊರಿನಲ್ಲಿ ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ಅವರಿಗೆ ಗೊತ್ತಿತ್ತು.

"ಈಗ ಕೋಪ ಬಂದಿದ್ದು ಗೊತ್ತಾಗುತ್ತೆ" ಎಂದರು ಭಿಕ್ಷುಣಿ. "ಬಂದಿದ್ದನ್ನ ಬಿಡೋದು ಒಂದು ಕೆಲಸ. ಬರದೇ ಇರೋ ಹಾಗೆ ನೋಡ್ಕೊಳೋದು ಇನ್ನೊಂದು. ಒಳ್ಳೇದನ್ನ ಬರಿಸೋದು, ಬಂದ ಒಳ್ಳೇದನ್ನ ಉಳಿಸ್ಕೊಳೋದು, ಒಟ್ಟು ನಾಲ್ಕು."

"ನೀವು ಎಷ್ಟನೇದರಲ್ಲಿದೀರಿ?"

"ದಿನಾ ಬೆಳಿಗ್ಗೆ ಒಂದನೇದರಲ್ಲಿ" ಎಂದು ಭಿಕ್ಷುಣಿ ಕಾರು ಹೊರಡಿಸಿದರು. ಅದು ಆಫ್ ಆಯಿತು.

ಮನೆಯಲ್ಲಿ ಹೆಂಡತಿ ಇದನ್ನೆಲ್ಲ ಗಮನಿಸುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಒಮ್ಮೆ ಮೇಷ್ಟ್ರು ಅವಳಿಗೆ ಕಾರು ಕಲಿಸಲು ಹೊರಟಿದ್ದರು. ಹನ್ನೊಂದನೇ ನಿಮಿಷಕ್ಕೆ ಅವಳು ನಡುರಸ್ತೆಯಲ್ಲಿ ಇಳಿದು ಮನೆಗೆ ನಡೆದು ಬಂದಿದ್ದಳು. ಅಲ್ಲಿಂದಾಚೆಗೆ ಆ ಮಾತು ಎತ್ತಿರಲಿಲ್ಲ. ಐದನೇ ತಿಂಗಳಲ್ಲಿ ಒಂದು ಭಾನುವಾರ ಊಟ ಬಡಿಸುತ್ತ, "ನನಗೂ ಕಲಿಸ್ತೀರಾ?" ಎಂದಳು. ನಾದಿನಿ ಊಟ ನಿಲ್ಲಿಸಿ ಅಕ್ಕನ ಮುಖ ನೋಡಿದಳು.

ಮೊದಲ ದಿನ ಮೇಷ್ಟ್ರು ದನಿ ಏರಿಸಲಿಲ್ಲ. ಹೇಳಬೇಕಾದ್ದಕ್ಕಿಂತಲೂ ಕಡಿಮೆ ಹೇಳಿದರು. ಎರಡನೇ ದಿನ ಅವಳು ಗೇರ್ ಬದಲಿಸುವಾಗ ಕೆಳಗೆ ನೋಡಿದಳು. ಕೆಳಗೆ ನೋಡಬೇಡ ಎಂದರು. ಮತ್ತೆ ನೋಡಿದಳು. ಮತ್ತೆ ಹೇಳಿದರು. ಮೂರನೇ ಸಲ ಆ ಒಂದು ಸೆಕೆಂಡು ಬರಲೇ ಇಲ್ಲ. "ರಸ್ತೆ ಏನು ನಿನ್ನ ಮಡಿಲಲ್ಲಿದೆಯೇನೇ!" ಎಂದು ಕೂಗಿದ್ದು ಅವರಿಗೆ ಗೊತ್ತಾದದ್ದು, ಎದುರಿನ ಬ್ರೆಡ್ ಅಂಗಡಿಯ ಹೆಂಗಸು ಹೊರಗೆ ಬಂದು ನೋಡಿದಾಗ.

ಹೆಂಡತಿ ಕಾರನ್ನು ಬದಿಗೆ ನಿಲ್ಲಿಸಿದಳು. ಕೀಲಿ ತೆಗೆದಳು. ಇಳಿದು ಮನೆ ಕಡೆ ನಡೆದಳು, ಕೀಲಿಯೂ ಅವಳ ಜೊತೆ ಹೋಯಿತು. ಮೇಷ್ಟ್ರು ಕೀಲಿಯಿಲ್ಲದ ಕಾರಿನಲ್ಲಿ ಕೂತರು. ಅವತ್ತು ಬೆಳಿಗ್ಗೆಯೂ ಇಪ್ಪತ್ತು ನಿಮಿಷ ಕೂತಿದ್ದರು. ಹೆಂಡತಿ ಚೆನ್ನಾಗಿರಲಿ ಎಂದೇ ಅಂದುಕೊಂಡಿದ್ದರು. ಅವರಿಗೆ ಅಳು ಬಂದ ಹಾಗಾಯಿತು. ಅಳುವುದಾದರೆ ಕುರ್ಚಿ ಸ್ಕೂಲಿನಲ್ಲಿತ್ತು, ಸ್ಕೂಲು ಎರಡು ಕಿಲೋಮೀಟರ್ ದೂರ. ಕಾರಿನಲ್ಲೇ ಕೂತು ಕಣ್ಣೊರೆಸಿಕೊಂಡು, ಆಮೇಲೆ ನಡೆದು ಮನೆಗೆ ಹೋದರು.

ಹೆಂಡತಿ ಬಟ್ಟೆ ಮಡಿಸುತ್ತಿದ್ದಳು.

"ತಪ್ಪಾಯ್ತು" ಎಂದರು ಮೇಷ್ಟ್ರು.

ಅವಳ ಕೈ ನಿಂತಿತು. "ಏನಂದ್ರಿ?"

"ತಪ್ಪಾಯ್ತು ಅಂದೆ."

"ತಂಗಿ ಹಿತ್ತಲಲ್ಲಿದಾಳೆ. ಒಂಚೂರು ಗಟ್ಟಿಯಾಗಿ ಹೇಳಿ."

ಮೇಷ್ಟ್ರು ಗಟ್ಟಿಯಾಗಿ ಹೇಳಿದರು. ಗಟ್ಟಿಯಾಗಿ ಹೇಳುವುದು ಅವರಿಗೆ ಬರುತ್ತಿತ್ತು. ಹಿತ್ತಲಲ್ಲಿ ಬಕೆಟ್ ಬಿದ್ದ ಸದ್ದಾಯಿತು. ಹೆಂಡತಿ ಇನ್ನೆರಡು ಬಟ್ಟೆ ಮಡಿಸಿ, "ನಾಳೆ ಆರೂವರೆಗೆ ರೆಡಿ ಇರ್ತೀನಿ. ಕೂಗಿದ್ರೆ ಮತ್ತೆ ಇಳಿದು ಬರ್ತೀನಿ" ಎಂದಳು. ಮುಂದಿನ ಎರಡು ತಿಂಗಳಲ್ಲಿ ಅವಳು ಮೂರು ಸಲ ಇಳಿದು ಬಂದಳು. ಮೂರು ಸಲವೂ ಮಾರನೇ ದಿನ ಹೋದಳು. ಪರೀಕ್ಷೆಯಲ್ಲಿ ಮೊದಲ ಸಲವೇ ಪಾಸಾದಳು.

ಭಿಕ್ಷುಣಿ ನಾಲ್ಕನೇ ಸಲವೂ ಫೇಲಾಗಿದ್ದರು. ಐದನೇ ಪರೀಕ್ಷೆಗೆ ಮೇಷ್ಟ್ರು ಹಿಂದಿನ ಸೀಟಿನಲ್ಲಿ ಕೂತರು. ಮುಂದೆ ಪರೀಕ್ಷೆ ಮಾಡುವ ಇನ್ಸ್‌ಪೆಕ್ಟರ್. ಸರ್ಕಲ್ಲಿನ ನಟ್ಟ ನಡುವೆ ಕಾರು ಆಫ್ ಆಯಿತು. ಭಿಕ್ಷುಣಿ ಕೀಲಿಗೆ ಕೈ ಹಾಕಿದರು. ಅಷ್ಟರಲ್ಲಿ ಇನ್ಸ್‌ಪೆಕ್ಟರ್ ಅವರ ಮೇಲೆ ರೇಗಿದ. "ಏನ್ರೀ ಇದು, ಐದನೇ ಸಲ! ಕಾಲು ಎಲ್ಲಿಟ್ಟಿದೀರಿ, ತಲೆ ಎಲ್ಲಿಟ್ಟಿದೀರಿ?"

ಮೇಷ್ಟ್ರಿಗೆ ರಕ್ತ ನೆತ್ತಿಗೇರಿತು. "ಕಲಿಯೋರ ಮೇಲೆ ಹಾಗೆಲ್ಲ ಕೂಗ್ಬಾರ್ದು!" ಎಂದು ಅವರು ಕೂಗಿದ ರಭಸಕ್ಕೆ ಪಕ್ಕದ ಬಸ್ಸಿನ ಡ್ರೈವರ್ ತನ್ನ ಇಂಜಿನ್ನಿಗೆ ಏನಾಯಿತೋ ಎಂದು ಬಗ್ಗಿ ನೋಡಿದ.

ಇನ್ಸ್‌ಪೆಕ್ಟರ್ ತಿರುಗಿ ನೋಡಿದ. ಅವನ ಮುಖದಲ್ಲಿ ಕೋಪಕ್ಕಿಂತ ಆಶ್ಚರ್ಯವಿತ್ತು. "ಮೇಷ್ಟ್ರೇ, ಹತ್ತೊಂಬತ್ತು ವರ್ಷದ ಕೆಳಗೆ ನನಗೆ ಇದೇ ಸರ್ಕಲ್ಲಲ್ಲಿ ನೀವು ಕಲಿಸಿದ್ದು ಹೀಗೇ ಅಲ್ವಾ? ನಾನು ಇದೇ ಪದ್ಧತಿ ಅಂದ್ಕೊಂಡಿದ್ದೆ."

ಮೇಷ್ಟ್ರು ತಮ್ಮ ಮೊಣಕಾಲನ್ನು ನೋಡಿಕೊಂಡರು. ಇಪ್ಪತ್ತಾರು ವರ್ಷದಲ್ಲಿ ಎಷ್ಟು ಜನ ಕಲಿತರು, ಅವರು ಮನೆಗೆ ಹೋಗಿ ಯಾರ್ಯಾರ ಮೇಲೆ ಕೂಗಿದರು ಎಂಬ ಯೋಚನೆ ಬಂತು. ಆಗ ಒಂದು ವಿಚಿತ್ರ ಸದ್ದು ಕೇಳಿಸಿತು. ಸ್ಟೇರಿಂಗ್ ಹಿಡಿದುಕೊಂಡೇ ಭಿಕ್ಷುಣಿ ನಗುತ್ತಿದ್ದರು. ಭುಜ ಕುಣಿಯುವಷ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಇನ್ಸ್‌ಪೆಕ್ಟರ್‌ಗೂ ನಗು ಬಂತು. ಹಾರನ್‌ಗಳ ನಡುವೆ ಮೇಷ್ಟ್ರೂ ಸ್ವಲ್ಪ ನಕ್ಕರು. ಇನ್ಸ್‌ಪೆಕ್ಟರ್ ಕಣ್ಣೊರೆಸಿಕೊಂಡು ಭಿಕ್ಷುಣಿಯನ್ನು ಫೇಲು ಮಾಡಿದ.

ಆರನೇ ಸಲ ಏನೂ ಆಗಲಿಲ್ಲ. ಕಾರು ಹೊರಟಿತು, ಸರ್ಕಲ್ ಸುತ್ತಿತು, ಏರು ಹತ್ತಿತು, ರಿವರ್ಸಿನಲ್ಲಿ ಎರಡು ಕಂಬಗಳ ನಡುವೆ ಹೋಗಿ ನಿಂತಿತು. ಇನ್ಸ್‌ಪೆಕ್ಟರ್ ಸಹಿ ಹಾಕಿದ. ಭಿಕ್ಷುಣಿ ಮೇಷ್ಟ್ರಿಗೆ ಕೈ ಮುಗಿದರು, ಮೇಷ್ಟ್ರೂ ಮುಗಿದರು.

"ಇನ್ನು ಮೇಲೆ ವರದಿ ಯಾರಿಗೆ ಒಪ್ಪಿಸ್ಲಿ?" ಎಂದು ಮೇಷ್ಟ್ರು ಕೇಳಿದರು.

"ಕೂತ್ರೆ ಕೂತಿದ್ದು ನಿಮಗೇ ಗೊತ್ತಾಗುತ್ತಲ್ಲ" ಎಂದು ಆಕೆ ನಡೆದು ಹೋಗಿ ವ್ಯಾನು ಹತ್ತಿದರು. ಪೊರೆ ಬಂದ ಡ್ರೈವರ್ ಪಕ್ಕದ ಸೀಟಿಗೆ ಸರಿದು ಕೂತ. ವ್ಯಾನು ಪರೀಕ್ಷಾ ಮೈದಾನದ ಗೇಟಿನ ಹೊರಗೆ ಹೋಗುವವರೆಗೆ ಮೇಷ್ಟ್ರು ತಮ್ಮ ಬಲಗಾಲಿನಿಂದ ನೆಲವನ್ನು ಒತ್ತಿಕೊಂಡೇ ನಿಂತಿದ್ದರು.

ಮಾರನೇ ದಿನ ಎಂಟು ಗಂಟೆಯ ಪಾಠ ಖಾಲಿಯಿತ್ತು. ಮೇಷ್ಟ್ರು ಐದೂ ಮುಕ್ಕಾಲಿಗೆ ಎದ್ದಿದ್ದರು. ಅದರ ಮಾರನೇ ದಿನವೂ. ಮಧ್ಯೆ ಜ್ವರ ಬಂದು ಎರಡು ದಿನ ತಪ್ಪಿತು, ಮೂರನೇ ದಿನ ಮತ್ತೆ ಕೂತರು. ಪಾಠದಲ್ಲಿ ಈಗಲೂ ಕೂಗುತ್ತಾರೆ. ವಾರಕ್ಕೆ ಎರಡು ಸಲ, ಕೆಟ್ಟ ವಾರವಾದರೆ ಮೂರು. ಕೂಗಿದ ಮೇಲೆ ಕಾರು ನಿಲ್ಲಿಸಲು ಹೇಳಿ, ತಪ್ಪಾಯಿತು ಎನ್ನುತ್ತಾರೆ. ಕಲಿಯುವವರು ಕೂಗಿಗಿಂತ ಇದಕ್ಕೆ ಹೆಚ್ಚು ಗಾಬರಿಯಾಗುತ್ತಾರೆಂದು ನಾದಿನಿ ಹೇಳುತ್ತಾಳೆ.

ಚಳಿ ಶುರುವಾದ ಮೇಲೆ ಒಂದು ಬೆಳಿಗ್ಗೆ ಯಾರೋ ಕಾರಿನ ಗಾಜು ತಟ್ಟಿದರು. ಮೇಷ್ಟ್ರು ಕಣ್ಣು ತೆರೆದರು. ಎದುರು ಮನೆಗೆ ಹೊಸದಾಗಿ ಬಾಡಿಗೆಗೆ ಬಂದಿದ್ದ ನಿವೃತ್ತ ಪೋಸ್ಟ್‌ಮಾಸ್ಟರ್, ತಲೆಗೆ ಮಫ್ಲರ್ ಸುತ್ತಿಕೊಂಡು ಬಗ್ಗಿ ನಿಂತಿದ್ದರು.

"ನಾಲ್ಕು ದಿನದಿಂದ ನೋಡ್ತಾ ಇದೀನಿ. ಸ್ಟಾರ್ಟ್ ಆಗ್ತಿಲ್ವಾ? ತಳ್ಳಲಾ?"

"ಬೇಡಿ, ಬೇಡಿ. ಇನ್ನೂ ಆರು ನಿಮಿಷ ಇದೆ" ಎಂದರು ಮೇಷ್ಟ್ರು.

ಪೋಸ್ಟ್‌ಮಾಸ್ಟರ್ ತಲೆಯಾಡಿಸಿದರು. ಹೋಗಲಿಲ್ಲ. ಕಾರಿನ ಹಿಂದೆ ಹೋಗಿ, ಬೇಕಾದರೆ ತಳ್ಳಲು ಅನುಕೂಲವಾಗುವಂತೆ ಎರಡೂ ಕೈ ಡಿಕ್ಕಿಯ ಮೇಲಿಟ್ಟು ಕಾಯತೊಡಗಿದರು. ಕಾರು ಒಂದಿಷ್ಟು ಅಲುಗಿತು. ಮೇಷ್ಟ್ರ ಕಿವಿಯ ಹಿಂದೆ ಬಿಸಿಯಾಯಿತು. ಅವರು ಅದನ್ನು ನೋಡಿದರು, ಕಣ್ಣು ಮುಚ್ಚಿದರು, ಉಸಿರಿಗೆ ವಾಪಸು ಬಂದರು.